ಹಾಡು ಹಾಕಬಹುದು, ಸುದ್ದಿ ಹೇಳುವಂತಿಲ್ಲ: ರೇಡಿಯೋ ಅಂದ್ರೆ ಸರ್ಕಾರಕ್ಕೆ ಯಾಕಿಷ್ಟು ಭಯ?

ಬಿಬಿಸಿ ರೇಡಿಯೋ 4 ಅನ್ನೋ ಚಾನೆಲ್‌ನಲ್ಲಿ ಹಾಡುಗಳೇ ಇಲ್ಲ ಅಂದ್ರೆ ಹೆಚ್ಚೂಕಡಿಮೆ ನಿಜ. ಬೆಳಗ್ಗಿನಿಂದ ಮಧ್ಯರಾತ್ರಿವರೆಗೆ ಬರೀ ಮಾತು. 1967ರಿಂದ ಈ ಹೆಸರಿನಲ್ಲಿ ನಡೀತಿದೆ. ಕೆಲಸ ಮಾಡುತ್ತಾ ಇಂಟರ್ನೆಟ್‌ನಲ್ಲಿ ಅದನ್ನು ಹಾಕಿಕೊಳ್ಳುವ ಅಭ್ಯಾಸ ನನಗಿದೆ. ಕೇಳಿದಾಗಲೆಲ್ಲ ಮೆಚ್ಚುಗೆಗಿಂತ ಸಿಟ್ಟೇ ಜಾಸ್ತಿ ಬರುತ್ತೆ. ಅವರ ಮೇಲಲ್ಲ, ನಮ್ಮ ಮೇಲೆ.

ಒಂದು ಗುರುವಾರವನ್ನೇ ತಗೊಳ್ಳಿ. ಬೆಳಗ್ಗೆ 'ಟುಡೇ'. ಅದರಲ್ಲಿ 8 ಗಂಟೆ ಸುದ್ದಿ ಮುಗಿದ ಮೇಲೆ ಬರುವ ಸಂದರ್ಶನದಲ್ಲಿ ಮಂತ್ರಿಗಳು ಬೆವರುತ್ತಾರೆ. ಆಮೇಲೆ 'ಇನ್ ಅವರ್ ಟೈಮ್': ಮೂವರು ಪ್ರೊಫೆಸರ್‌ಗಳು ಕೂತು ಒಂದು ಗಣಿತದ ಸಮಸ್ಯೆಯನ್ನೋ, ಮರೆತುಹೋದ ಸಾಮ್ರಾಜ್ಯವನ್ನೋ ಬಿಡಿಸಿ ಹೇಳುತ್ತಾರೆ. 1998ರಿಂದ 2025ರವರೆಗೆ ಮೆಲ್ವಿನ್ ಬ್ರ್ಯಾಗ್ ಇದನ್ನು ನಡೆಸಿಕೊಟ್ಟರು. ನಂತರ 1946ರಿಂದ ಬರುತ್ತಿರುವ 'ವುಮನ್ಸ್ ಅವರ್'. ಮಧ್ಯಾಹ್ನ ಮತ್ತೆ ರಾಜಕೀಯ, ಸಂಜೆ ಹಾಸ್ಯ, ರಾತ್ರಿ ಮಲಗುವ ಮುಂಚೆ ಮೀನುಗಾರರಿಗೆ, ಹಡಗಿನವರಿಗೆ ಸಮುದ್ರದ ಹವಾಮಾನ. 31 ಕಡಲ ವಲಯಗಳ ಹೆಸರನ್ನು ಒಂದೇ ಲಯದಲ್ಲಿ ಓದುತ್ತಾ ಹೋಗುತ್ತಾರೆ. ದಡದಲ್ಲಿರುವ, ದೋಣಿಯನ್ನೇ ಹತ್ತದ ಲಕ್ಷಾಂತರ ಜನ ಅದನ್ನ ಜೋಗುಳದ ಹಾಗೆ ಕೇಳ್ತಾರೆ.

ಸಂಜೆ 7ಕ್ಕೆ ಬರುವ 'ದಿ ಆರ್ಚರ್ಸ್' ಬಗ್ಗೆ ಸ್ವಲ್ಪ ಹೇಳಲೇಬೇಕು. ಒಂದು ಕಲ್ಪಿತ ಹಳ್ಳಿಯ ರೈತ ಕುಟುಂಬಗಳ ಧಾರಾವಾಹಿ ಅದು. 1951ರ ಜನವರಿ 1ರಂದು ದೇಶದಾದ್ಯಂತ ಶುರುವಾದಾಗ ಬ್ರಿಟನ್‌ನಲ್ಲಿ ಇನ್ನೂ ಆಹಾರಕ್ಕೆ ರೇಷನ್ ಇತ್ತು. ಇಳುವರಿ ಹೆಚ್ಚಿಸೋದು ಹೇಗೆ ಅಂತ ರೈತರಿಗೆ ಕಥೆಯ ಮೂಲಕ ಹೇಳೋದೇ ಉದ್ದೇಶ, ಕೃಷಿ ಇಲಾಖೆಯ ಸಲಹೆಯೂ ಇತ್ತು. ನಮ್ಮ ಆಕಾಶವಾಣಿಯ 'ಕೃಷಿರಂಗ'ಕ್ಕೆ ದೂರದ ನೆಂಟ ಅನ್ನಿ. ಆದರೆ ಅದು ಅಲ್ಲೇ ನಿಲ್ಲಲಿಲ್ಲ. ಕೆಲ ವರ್ಷಗಳ ಹಿಂದೆ ಹೆಲೆನ್ ಅನ್ನೋ ಪಾತ್ರವನ್ನು ಗಂಡ ರಾಬ್ ಮಾತಲ್ಲೇ, ದುಡ್ಡಿನ ಹಿಡಿತದಲ್ಲೇ ನಿಧಾನವಾಗಿ ಕುಗ್ಗಿಸುತ್ತಾ ಹೋಗುವ ಕಥೆಯನ್ನು ಅವರು ಎರಡು ವರ್ಷಕ್ಕೂ ಹೆಚ್ಚು ಕಾಲ ಎಳೆದರು. ಬೇಕಂತಲೇ ಎಳೆದರು. ಯಾಕಂದ್ರೆ ನಿಜಜೀವನದಲ್ಲಿ ಅದು ಹಾಗೇ ನಡೆಯೋದು, ಒಂದೇ ಏಟಿನಲ್ಲಿ ಅಲ್ಲ. 2015ರ ಕೊನೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ನಿಯಂತ್ರಣವೇ ಅಪರಾಧ ಅಂತ ಕಾನೂನು ಬಂತು. 2016ರಲ್ಲಿ ಹೆಲೆನ್ ಗಂಡನಿಗೆ ಚಾಕು ಹಾಕಿದ ಕಂತು ಪ್ರಸಾರವಾಯ್ತು. ಆ ಹೊತ್ತಿಗೆ ಕೇಳುಗರು ದೌರ್ಜನ್ಯಕ್ಕೊಳಗಾದ ಹೆಂಗಸರಿಗಾಗಿ 1 ಲಕ್ಷ ಪೌಂಡ್‌ಗೂ ಹೆಚ್ಚು ಸಂಗ್ರಹಿಸಿದ್ದರು. ಪಾತ್ರ ಕಲ್ಪಿತ, ದುಡ್ಡು ಅಸಲಿ. ಸೊಸೆಗೆ ಅತ್ತೆ ವಿಷ ಹಾಕುವುದನ್ನೇ ಪ್ರೈಮ್ ಟೈಮ್ ಅಂದುಕೊಂಡಿರುವ ನಮಗೆ ಇದು ವಿಚಿತ್ರ ಅನ್ನಿಸಬಹುದು.

ಬಿಬಿಸಿಯೇನು ದೇವಸ್ಥಾನ ಅಲ್ಲ. ಇರಾಕ್ ಯುದ್ಧದ ಕಡತದ ವಿವಾದದಲ್ಲಿ, 2004ರ ಹಟನ್ ವರದಿ ಬಂದ ಮೇಲೆ, ಅದರ ಅಧ್ಯಕ್ಷರೂ ಮಹಾನಿರ್ದೇಶಕರೂ ಹೋಗಬೇಕಾಯ್ತು. ಅಲ್ಲಿನ ಮೇಲ್ಮಧ್ಯಮ ವರ್ಗದ ದನಿಯೇ ದೇಶದ ದನಿ ಎಂಬಂತೆ ಕೇಳಿಸುತ್ತೆ ಅನ್ನೋ ದೂರೂ ಸುಳ್ಳಲ್ಲ. ಆದರೆ 2012ರ ನವೆಂಬರ್ 10 ನೆನಪಿಸಿಕೊಳ್ಳಿ. ಬಿಬಿಸಿ ಟಿವಿಯ ಒಂದು ತಪ್ಪು ವರದಿಯ ಬಗ್ಗೆ ಮಹಾನಿರ್ದೇಶಕ ಜಾರ್ಜ್ ಎಂಟ್ವಿಸಲ್ ಅವರನ್ನು ಅದೇ ಸಂಸ್ಥೆಯ ಸಂಬಳ ತಿನ್ನುವ ಜಾನ್ ಹಂಫ್ರೀಸ್ 'ಟುಡೇ'ಯಲ್ಲಿ ಕೂರಿಸಿ ಪ್ರಶ್ನೆ ಕೇಳಿದರು. ರಾತ್ರಿಯೊಳಗೆ ಎಂಟ್ವಿಸಲ್ ರಾಜೀನಾಮೆ ಕೊಟ್ಟರು. ಅಧಿಕಾರದಲ್ಲಿದ್ದದ್ದು 54 ದಿನ.

ನಮ್ಮಲ್ಲಿ? 2014ರ ಅಕ್ಟೋಬರ್ 3ರಿಂದ ಪ್ರಧಾನಿಯವರು ರೇಡಿಯೋದಲ್ಲಿ 'ಮನ್ ಕಿ ಬಾತ್' ಹೇಳುತ್ತಿದ್ದಾರೆ. ಎದುರಿಗೆ ಪ್ರಶ್ನೆ ಕೇಳುವವರ ಕುರ್ಚಿ ಇಲ್ಲ.

ಖಾಸಗಿಯವರು ಕೇಳಲಿ ಅಂದ್ರೆ ಅದಕ್ಕೂ ಬೀಗ. ದೇಶದಲ್ಲಿ 350ಕ್ಕೂ ಹೆಚ್ಚು ಖಾಸಗಿ ಎಫ್‌ಎಂ ಸ್ಟೇಷನ್‌ಗಳಿವೆ, ಒಂದಕ್ಕೂ ಸ್ವಂತ ಸುದ್ದಿ ಹೇಳುವ ಹಕ್ಕಿಲ್ಲ. 2011ರ ನೀತಿಯ ಪ್ರಕಾರ ಆಕಾಶವಾಣಿಯ ಸುದ್ದಿಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು. ಟ್ರಾಫಿಕ್, ಹವಾಮಾನ, ಪರೀಕ್ಷೆ ಫಲಿತಾಂಶ, ನೀರು-ಕರೆಂಟಿನ ಪ್ರಕಟಣೆ ಇವೆಲ್ಲ 'ಸುದ್ದಿಯಲ್ಲ'. ಅಂದ್ರೆ ಸಿಲ್ಕ್ ಬೋರ್ಡ್‌ನಲ್ಲಿ ಜಾಮ್ ಆಗಿದೆ ಅಂತ ಆರ್‌ಜೆ ಹೇಳಬಹುದು. ಯಾಕೆ ಆಗಿದೆ, ಟೆಂಡರ್ ಯಾರಿಗೆ ಹೋಯ್ತು ಅಂತ ಕೇಳೋ ಹಾಗಿಲ್ಲ. ಇಂಜಿನಿಯರಿಂಗ್ ಓದಿದವನಾಗಿ ಒಂದು ಮಾತು: ಟ್ರಾನ್ಸ್‌ಮಿಟರ್‌ಗೆ ಹಾಡು ಯಾವುದು, ಸುದ್ದಿ ಯಾವುದು ಅಂತ ಗೊತ್ತಾಗಲ್ಲ. ಗೊತ್ತಾಗೋದು ಸರ್ಕಾರಕ್ಕೆ ಮಾತ್ರ.

ಟಿವಿಗೆ ಇಲ್ಲದ, ಯೂಟ್ಯೂಬಿಗೆ ಇಲ್ಲದ ಈ ನಿಷೇಧ ರೇಡಿಯೋಗೆ ಮಾತ್ರ ಯಾಕೆ? ರೇಡಿಯೋ ಬಡವನಿಗೂ ತಲುಪುತ್ತೆ, ಓದು ಬಾರದವನಿಗೂ ಅರ್ಥವಾಗುತ್ತೆ, ಡೇಟಾ ಪ್ಯಾಕ್ ಕೇಳಲ್ಲ. ಭಯದ ಕಾರಣ ಇದೇ ಇರಬೇಕು ಅಂತ ನನ್ನ ಅನುಮಾನ. ತರಂಗಗಳು ಸಾರ್ವಜನಿಕ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಕಾಮನ್ ಕಾಸ್ ಸಂಸ್ಥೆ 2013ರಲ್ಲಿ ಈ ನಿಷೇಧವನ್ನು ಅದೇ ಕೋರ್ಟಿನಲ್ಲಿ ಪ್ರಶ್ನಿಸಿತು. 2023ರ ಸೆಪ್ಟೆಂಬರ್‌ನಲ್ಲಿ ಟ್ರಾಯ್ ಕೂಡ, ಗಂಟೆಗೆ 10 ನಿಮಿಷ ಸುದ್ದಿಗೆ ಅವಕಾಶ ಕೊಡಿ ಅಂತ ಶಿಫಾರಸು ಮಾಡಿತು.

ಪಾಡ್‌ಕಾಸ್ಟ್ ಇದೆಯಲ್ಲ ಅಂತೀರಾ? ನಾನೂ ಕೇಳ್ತೀನಿ. ಆದರೆ ಪಾಡ್‌ಕಾಸ್ಟ್‌ನಲ್ಲಿ ನಾವು ಆರಿಸಿಕೊಂಡದ್ದೇ ಸಿಗುತ್ತೆ. ಅಡುಗೆಮನೆಯಲ್ಲಿ ರೇಡಿಯೋ ಹಚ್ಚಿಟ್ಟವರಿಗೆ ಮಾತ್ರ ಧಾರಾವಾಹಿಯ ಹಿಂದೆಯೇ ಸಂಸತ್ತಿನ ವರದಿ ಕಿವಿಗೆ ಬೀಳೋದು.

ದುಡ್ಡಿನ ಪ್ರಶ್ನೆಯೂ ಇದೆ. ಬ್ರಿಟನ್‌ನಲ್ಲಿ ಟಿವಿ ಇರುವ ಮನೆ ವರ್ಷಕ್ಕಿಷ್ಟು ಅಂತ ಶುಲ್ಕ ಕಟ್ಟಬೇಕು, 2025ರ ಏಪ್ರಿಲ್‌ನಲ್ಲಿ ಅದು 174.50 ಪೌಂಡ್ ಆಗಿತ್ತು. ರೇಡಿಯೋ ಮಾತ್ರ ಕೇಳುವವರು ಏನೂ ಕಟ್ಟಬೇಕಿಲ್ಲ. ನಮ್ಮ ಪ್ರಸಾರ ಭಾರತಿಗೆ 1990ರ ಕಾಯ್ದೆ ಕಾಗದದ ಮೇಲೆ ಸ್ವಾಯತ್ತತೆ ಕೊಟ್ಟಿದೆ, ಸಂಬಳ ಮಾತ್ರ ಕೇಂದ್ರದ ಬೊಕ್ಕಸದಿಂದ. ಸಂಬಳ ಕೊಡುವವರ ಮುಂದೆ ಮೈಕ್ ಹಿಡಿಯೋದು ಯಾರು?

ಮೈಸೂರಿನಲ್ಲಿ 1935ರಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೋ ನಡೆಸಿದರು. 'ಆಕಾಶವಾಣಿ' ಅನ್ನೋ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ಈಗ ಅದೇ ಮೈಸೂರಿನಲ್ಲಿ ಸಮುದಾಯ ರೇಡಿಯೋ ಶುರು ಮಾಡಿ, ಪಾಲಿಕೆ ಸಭೆಯಲ್ಲಿ ಇವತ್ತು ಯಾರು ಏನು ಮಾತಾಡಿದರು ಅಂತ ಸ್ವಂತ ವರದಿಗಾರರಿಂದ ಹೇಳಿಸಿದರೆ, ಅದು ಲೈಸೆನ್ಸ್ ಷರತ್ತಿನ ಉಲ್ಲಂಘನೆ.