ದುಡಿದವನ ಹೆಸರು ಯಾವ ಪುಸ್ತಕದಲ್ಲಿದೆ?



ತೋಟದ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಬೋನಸ್ಸೂ ಇಲ್ಲ, ಪ್ರಾವಿಡೆಂಟ್ ಫಂಡೂ ಇಲ್ಲ. ಮಳೆಯಲ್ಲಿ ನೆನೆದು ಹಣ್ಣು ಕಿತ್ತದ್ದು ನಿಜವೇ ಇರಲಿ, ರೈಟರ್ ಬರೆಯದಿದ್ದರೆ ಅವನು ಕೆಲಸಕ್ಕೇ ಬಂದಿಲ್ಲವೆಂದು ಲೆಕ್ಕ. ಇದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಇದೇ ಅಳತೆಯಿಂದ ತೆಲಂಗಾಣದ ಗಡಿಯಲ್ಲಿರುವ ನಾರಾಯಣಪೇಟೆ, ಮಕ್ತಲ್, ಗದ್ವಾಲ ಸೀಮೆಯನ್ನು ನೋಡೋಣ. ಅಲ್ಲಿ ಕನ್ನಡ ಮಾತಾಡುವ ನಮ್ಮ ಬಂಧುಗಳೂ ಇದ್ದಾರೆ. ಭೂಸುಧಾರಣೆ ಎಂದೋ ಮುಗಿಯಿತು, ಪಹಣಿಯೆಲ್ಲ ಕಂಪ್ಯೂಟರಿಗೆ ಬಂತು, ಇನ್ನೇನು ಬಾಕಿ ಎಂದು ಕೆಲವರು ಕೇಳುತ್ತಾರೆ. ದುಡಿಯುವವನ ಪಾಲು ಪೂರ್ತಿ ಬಾಕಿ ಇದೆ ಎಂಬುದೇ ನಮ್ಮ ಉತ್ತರ.

ನಿಜಾಮನ ಆಳ್ವಿಕೆ 1948ರಲ್ಲಿ ಮುಗಿಯಿತು. 1949ರಲ್ಲಿ ಜಾಗೀರುಗಳು ರದ್ದಾದವು. ನಾವು ಗೇಣಿ ಎನ್ನುವುದನ್ನು ಅಲ್ಲಿ ಕೌಲು ಎನ್ನುತ್ತಾರೆ. 1950ರ ಹೈದರಾಬಾದ್ ಕಾಯಿದೆ ಪಟ್ಟಿಯಲ್ಲಿ ಹೆಸರು ಬಂದ ಕೌಲುದಾರರಿಗೆ ರಕ್ಷಣೆ ಕೊಟ್ಟಿತು. ಆಮೇಲೆ ಬಾಯಿಮಾತಿನ ಮೇಲೆ ಕೌಲು ಹಿಡಿದವರು ಹೊರಗುಳಿದರು. 1956ರವರೆಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ಆ ವರ್ಷ ಆಂಧ್ರ ಪ್ರದೇಶಕ್ಕೆ ಹೋಯಿತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಕರ್ನಾಟಕದಲ್ಲಿ ಗೇಣಿಯನ್ನೇ ತೆಗೆದುಹಾಕಿದಾಗ ರಾಯಚೂರಿನ ಗೇಣಿದಾರ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದಾಗಿತ್ತು. ಗಡಿಯಾಚೆ ಗದ್ವಾಲದವನಿಗೆ ಆ ಬಾಗಿಲು ತೆರೆಯಲಿಲ್ಲ. ಆ ಕಾಯಿದೆಯೂ ಕಾಫಿ, ಟೀ, ಏಲಕ್ಕಿ ತೋಟಗಳನ್ನು ಹೊರಗಿಟ್ಟಿತ್ತೆಂಬುದು ನಮಗೆ ಗೊತ್ತೇ ಇದೆ.

ಮುಂದೆ ಏನಾಯಿತು? 2018ರಲ್ಲಿ ರೈತಬಂಧು ಯೋಜನೆ ಬಂತು. ಒಂದು ಬೆಳೆಗೆ ಎಕರೆಗೆ 4,000 ರೂಪಾಯಿ. ಹಣ ಪಟ್ಟಾ ಪಾಸ್‌ಬುಕ್ ಇದ್ದವನಿಗೆ ಹೋಯಿತು. ಅವನು ಹೈದರಾಬಾದಿನಲ್ಲಿ ಕುಳಿತಿದ್ದರೂ ಸರಿ. ಬಿತ್ತಿ ಬೆಳೆದ ಕೌಲುದಾರನಿಗೆ ಬಿಡಿಗಾಸೂ ಇಲ್ಲ. 2020ರ ಧರಣಿ ದಾಖಲೆಯಲ್ಲಿ ಅನುಭವದಾರನ ಕಾಲಮ್ಮನ್ನೇ ಬಿಟ್ಟುಬಿಟ್ಟರು. 2023ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷ ಕೌಲುದಾರನಿಗೂ ವರ್ಷಕ್ಕೆ ಎಕರೆಗೆ 15,000 ಕೊಡುವೆನೆಂದಿತು. 2025ರಲ್ಲಿ ಬಂದದ್ದು 12,000, ಅದೂ ಪಟ್ಟಾದಾರನಿಗೆ.

ಕೌಲುದಾರನ ಹೆಸರು ಬರೆದರೆ ಒಡೆಯನ ಜಮೀನು ಹೋಗುತ್ತದೆ, ಆಮೇಲೆ ಯಾರೂ ಕೌಲಿಗೇ ಕೊಡುವುದಿಲ್ಲ ಎಂದು ಹೆದರಿಸುತ್ತಾರೆ. ಇದು ನೆಪ. 2011ರಲ್ಲೇ ಕೌಲುದಾರರಿಗೆ ಸಾಲ ಪಡೆಯಲು ಗುರುತಿನ ಚೀಟಿ ಕೊಡುವ ಕಾಯಿದೆಯಾಯಿತು. ಆ ಚೀಟಿಯಿಂದ ಭೂಮಿಯ ಹಕ್ಕು ಬರುವುದಿಲ್ಲವೆಂದು ಕಾಯಿದೆಯೇ ಹೇಳುತ್ತದೆ. ಹಾಗಿದ್ದೂ ಅದನ್ನು ಮೂಲೆಗೆ ತಳ್ಳಿದ್ದೇಕೆ? ಕೌಲುದಾರ ಬ್ಯಾಂಕಿಗೆ ಹೋದರೆ ಬಡ್ಡಿ ವ್ಯಾಪಾರಿಯ ಅಂಗಡಿ ಖಾಲಿಯಾಗುತ್ತದೆ, ಅದಕ್ಕೇ ಅಲ್ಲವೇ?

ಇನ್ನು ಭೂಮಿಯೇ ಇಲ್ಲದವನ ಪಾಡು. 2025ರ ಜನವರಿ 26ರಂದು ನಾರಾಯಣಪೇಟೆ ಜಿಲ್ಲೆಯ ಕೋಸ್ಗಿ ಮಂಡಲದ ಚಂದ್ರವಂಚದಲ್ಲಿ ಮುಖ್ಯಮಂತ್ರಿಗಳು ಭೂಹೀನ ಕೂಲಿ ಕುಟುಂಬಕ್ಕೆ ವರ್ಷಕ್ಕೆ 12,000 ರೂಪಾಯಿಯ ಯೋಜನೆ ಆರಂಭಿಸಿದರು. ಒಳ್ಳೆಯದೇ. ಆದರೆ 2023-24ರಲ್ಲಿ ಉದ್ಯೋಗ ಖಾತರಿಯಲ್ಲಿ 20 ದಿನ ದುಡಿದಿರಬೇಕೆಂಬ ಷರತ್ತು ಹಾಕಿದರು. ಪಾಲಮೂರು ಕೂಲಿ ಎಂದು ದೇಶವೆಲ್ಲ ಹೆಸರಾದವರು ಈ ಸೀಮೆಯವರು. ಮೇಸ್ತ್ರಿಯ ಮುಂಗಡ ತೆಗೆದುಕೊಂಡು ಮುಂಬಯಿ, ಪುಣೆಗೆ ಮಣ್ಣು ಹೊರಲು ಹೋದವನು ಊರಿನಲ್ಲಿ 20 ದಿನದ ಹಾಜರಿ ಹಾಕಿಸುವುದು ಹೇಗೆ? ಹೊಟ್ಟೆಪಾಡಿಗೆ ಊರು ಬಿಟ್ಟದ್ದೇ ಅವನ ತಪ್ಪಾಯಿತು!

ಗದ್ವಾಲದ ಬೀಜದ ಹತ್ತಿಯ ಹೊಲಕ್ಕೆ ಬನ್ನಿ. ಕಂಪನಿಗೂ ರೈತನಿಗೂ ನಡುವೆ ಆರ್ಗನೈಸರ್ ಇದ್ದಾನೆ. ಮುಂಗಡ ಅವನದು, ಬಡ್ಡಿಯೂ ಅವನದು. ಹೂವು ಹೂವಿಗೂ ಕೈಯಿಂದ ಪರಾಗ ಮುಟ್ಟಿಸುವ ಹೆಂಗಸರು ಮಕ್ಕಳ ಹೆಸರು ಕಂಪನಿಯ ಯಾವ ಕಾಗದದಲ್ಲೂ ಇಲ್ಲ.

ಹೆಸರು ಬರೆದರೆ ಸಾಕೇ? ಸಾಲದು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆಯಿತು. 1992ರಲ್ಲಿ ರಷ್ಯಾ ಸರ್ಕಾರ ಕಾರ್ಖಾನೆಗಳಲ್ಲಿ ಪಾಲು ಕೊಡುವುದಾಗಿ ಪ್ರತಿ ಪ್ರಜೆಗೂ 10,000 ರೂಬಲ್ ಮುಖಬೆಲೆಯ ಚೀಟಿ ಹಂಚಿತು. ಬೆಲೆಯೇರಿಕೆಯಲ್ಲಿ ಕಂಗೆಟ್ಟ ಬಡವರು ಅದನ್ನು ಅಗ್ಗಕ್ಕೆ ಮಾರಿಕೊಂಡರು. ಕಾರ್ಖಾನೆಗಳು ಕೆಲವೇ ಧನಿಕರ ಪಾಲಾದವು. ಉಕ್ರೇನಿನಲ್ಲಿ ಸಾಮೂಹಿಕ ಬೇಸಾಯದ ಭೂಮಿಯನ್ನು ದುಡಿಯುವವರ ಹೆಸರಿಗೆ ಬರೆದರು. ಉಳಲು ಟ್ರ್ಯಾಕ್ಟರೂ ಸಾಲವೂ ಇಲ್ಲದೆ ಬಹಳ ಮಂದಿ ಅದನ್ನು ದೊಡ್ಡ ಕಂಪನಿಗಳಿಗೆ ಗೇಣಿಗೆ ಕೊಟ್ಟರು. ಕಾಗದದ ಬೆನ್ನಿಗೆ ಸಾಲ, ಸಂಘ, ಕಾನೂನಿನ ಬಲ ಇಲ್ಲದಿದ್ದರೆ ಅದು ಬಲವುಳ್ಳವನ ಜೇಬಿಗೇ ಹೋಗುತ್ತದೆ.

ಆದುದರಿಂದ ಕೇಳಬೇಕಾದದ್ದು ಇಷ್ಟು. 2011ರ ಕಾಯಿದೆಯಂತೆ ಪ್ರತಿ ಕೌಲುದಾರನಿಗೂ ಚೀಟಿ ಕೊಡಬೇಕು, ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಬೇಕು, ಚೀಟಿ ತಂದವನಿಗೆ ಬ್ಯಾಂಕು ಸಾಲ ಕೊಡಬೇಕು. ವಲಸೆ ಹೋಗಿ ದುಡಿದ ದಿನವನ್ನೂ ದುಡಿಮೆಯೆಂದೇ ಎಣಿಸಬೇಕು. ಮೇಸ್ತ್ರಿ ಕೊಟ್ಟ ಮುಂಗಡ, ಒಪ್ಪಿದ ಕೂಲಿ, ಮುರಿದುಕೊಂಡ ಹಣ ಎಲ್ಲವೂ ಕೂಲಿಯವನ ಕೈಯಲ್ಲಿರುವ ಪುಸ್ತಕದಲ್ಲಿ ಬರೆದಿರಬೇಕು.

ಈ ಕೊನೆಯದು ಹೊಸ ಬೇಡಿಕೆಯಲ್ಲ. ವಲಸೆ ಕಾರ್ಮಿಕನಿಗೆ ಪಾಸ್‌ಬುಕ್ ಕೊಡಬೇಕೆಂದು 1979ರ ಕಾಯಿದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಆ ಕಾಯಿದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು. ನಮ್ಮ 1951ರ ತೋಟ ಕಾರ್ಮಿಕರ ಕಾಯಿದೆಯೂ ಅದೇ ದಿನ ಅದೇ ಸಂಹಿತೆಯೊಳಗೆ ಸೇರಿಹೋಯಿತು. ಇನ್ನು ಮೇಲೆ ಗದ್ವಾಲದ ಕೂಲಿಯವನಿಗೂ ನಮಗೂ ಕಾಯಿದೆ ಒಂದೇ. ಅವರ ಮಾತು ನಮಗೇಕೆ ಎನ್ನಬೇಡಿ. ಹೊರಗಿನಿಂದ ಬಂದು ನಿಮ್ಮ ಲೈನಿನಲ್ಲಿ ಇಳಿದುಕೊಂಡಿರುವವರನ್ನು ಈ ವಾರವೇ ವಿಚಾರಿಸಿ: ಮುಂಗಡ ಎಷ್ಟು, ಬರೆದಿಟ್ಟವರು ಯಾರು, ಆ ಪುಸ್ತಕ ಯಾರ ಕೈಯಲ್ಲಿದೆ? ಉತ್ತರವನ್ನು ಸಂಘದ ಮುಂದಿನ ಸಭೆಗೆ ತನ್ನಿರಿ.