ಯಾವುದು ಬೆಸ್ಟ್ ಅಂತ ಕೇಳಬೇಡಿ

ದೀಪಾವಳಿ ಮುಗಿದ ಮರುವಾರ ದಿಲ್ಲಿ, ನೋಯ್ಡಾ, ಗುರುಗ್ರಾಮದ ಕನ್ನಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಬರುತ್ತದೆ: "ಏರ್ ಪ್ಯೂರಿಫೈಯರ್ ತಗೋಬೇಕು, ಯಾವುದು ಬೆಸ್ಟ್?" ಹತ್ತು ನಿಮಿಷದಲ್ಲಿ ಎಂಟು ಬ್ರ್ಯಾಂಡ್‌ಗಳ ಹೆಸರು ಬೀಳುತ್ತವೆ. ಒಬ್ಬರು "ನಮ್ಮದು ಚೆನ್ನಾಗಿದೆ ಸರ್, ಆ್ಯಪ್ ಇದೆ" ಎನ್ನುತ್ತಾರೆ, ಇನ್ನೊಬ್ಬರು "ಅದೆಲ್ಲ ವೇಸ್ಟ್, ಎರಡು ಗಿಡ ಇಡಿ" ಎನ್ನುತ್ತಾರೆ, ಮೂರನೆಯವರು "ಟಾಪ್ 10" ಪಟ್ಟಿಯ ಕೊಂಡಿಯೊಂದನ್ನು ಎಸೆದು ಹೋಗುತ್ತಾರೆ. "ನಿಮ್ಮ ಕೋಣೆ ಎಷ್ಟು ದೊಡ್ಡದು, ಕಿಟಕಿ ಸರಿಯಾಗಿ ಮುಚ್ಚುತ್ತದಾ?" ಎಂದು ಮರಳಿ ಕೇಳುವವರು ಮಾತ್ರ ಯಾರೂ ಇಲ್ಲ. ಕಾಲಿನ ಅಳತೆ ಕೇಳದೆ ಚಪ್ಪಲಿ ಮಾರುವ ಅಂಗಡಿಗೆ ನಾವು ಎರಡನೇ ಸಲ ಹೋಗುವುದಿಲ್ಲ. ಪ್ಯೂರಿಫೈಯರ್ ವಿಷಯದಲ್ಲಿ ಮಾತ್ರ ಇಡೀ ಮಾರುಕಟ್ಟೆ, ಜೊತೆಗೆ ನಮ್ಮ ಓದಿದ ಗೆಳೆಯರೆಲ್ಲ, ಅಳತೆ ಕೇಳದೆಯೇ ಮಾತಾಡುತ್ತಾರೆ.

ನನ್ನ ತಕರಾರು ಇಷ್ಟೇ. ಯಂತ್ರದಿಂದ ಯಂತ್ರಕ್ಕೆ ಮಾಡುವ ಹೋಲಿಕೆ ಮಾರುವವನಿಗೆ ಅನುಕೂಲ. ಹೋಲಿಕೆ ಶುರುವಾಗಬೇಕಾದ್ದು ನಿಮ್ಮ ಕೋಣೆಯಿಂದ. ಆ ಒಂದು ಲೆಕ್ಕವನ್ನು ನೀವು ಮಾಡದಿರಲಿ ಎಂದೇ ಪೆಟ್ಟಿಗೆಯ ಮೇಲೆ ಅಷ್ಟೊಂದು ಅಕ್ಷರಗಳು.

ಮೊದಲು ಆ ಅಕ್ಷರಗಳನ್ನೇ ನೋಡೋಣ. ಎಲ್ಲರೂ ದೊಡ್ಡದಾಗಿ ಬರೆಯುವುದು ಹೆಪಾ, ಎಚ್13, 99.97 ಶೇಕಡ. ಹೆಪಾ ಎಂಬುದು ನಿನ್ನೆಯ ಆವಿಷ್ಕಾರವೇನಲ್ಲ, 1940ರ ದಶಕದಲ್ಲಿ ಅಮೆರಿಕದವರು ಅಣುಬಾಂಬ್ ಯೋಜನೆಯಲ್ಲಿ ವಿಕಿರಣದ ಧೂಳು ಹಿಡಿಯಲು ಮಾಡಿಕೊಂಡ ಜಾಲರಿ. ಒಳ್ಳೆಯ ವಸ್ತುವೇ. ಆದರೆ ಮನೆಯೊಳಗಿನ ಯಂತ್ರ ಒಂದೇ ಗಾಳಿಯನ್ನು ಮತ್ತೆ ಮತ್ತೆ ಎಳೆದುಕೊಂಡು ಬಿಡುತ್ತಿರುತ್ತದೆ. ಒಂದು ಸುತ್ತಿಗೆ 99.97 ಹಿಡಿಯಿತೋ 99.5 ಹಿಡಿಯಿತೋ ಎಂಬುದರಿಂದ ನಿಮ್ಮ ಮಲಗುವ ಕೋಣೆಗೆ ಏನೂ ವ್ಯತ್ಯಾಸವಾಗುವುದಿಲ್ಲ. ಗಂಟೆಗೆ ಎಷ್ಟು ಗಾಳಿ ಆ ಜಾಲರಿಯೊಳಗೆ ಹಾದು ಬಂತು ಎಂಬುದರಿಂದ ಆಗುತ್ತದೆ. ಚಿನ್ನದ ಜರಡಿ ಇಟ್ಟುಕೊಂಡು ಗಂಟೆಗೆ ಒಂದು ಹಿಡಿ ರಾಗಿ ಜರಡಿ ಹಿಡಿದರೆ ಮನೆಯವರು ಉಪವಾಸವೇ.

ಆ ಗಾಳಿಯ ಪ್ರಮಾಣಕ್ಕೊಂದು ಅಂಕಿ ಇದೆ: ಸಿಎಡಿಆರ್. ಯಂತ್ರ ಒಂದು ಗಂಟೆಯಲ್ಲಿ ಕೊಡುವ ಶುದ್ಧ ಗಾಳಿ ಎಷ್ಟು ಘನಮೀಟರ್ ಎಂದು ಅದು ಹೇಳುತ್ತದೆ. ಇದನ್ನು ಪೆಟ್ಟಿಗೆಯ ಮೂಲೆಯಲ್ಲಿ ಸಣ್ಣದಾಗಿ ಬರೆದು, "450 ಚದರಡಿಗೆ ಸಾಕು" ಎಂಬ ಇನ್ನೊಂದು ಅಂಕಿಯನ್ನು ದಪ್ಪಗೆ ಅಚ್ಚು ಹಾಕುತ್ತಾರೆ. ಮೋಸ ಇರುವುದು ಈ ಎರಡನೆಯದರಲ್ಲಿ. 350 ಸಿಎಡಿಆರ್‌ನ ಯಂತ್ರ ಒಂದನ್ನು ತೆಗೆದುಕೊಳ್ಳಿ. ಚೀನಾದ ಮಾನದಂಡದ ಪ್ರಕಾರ ಸಿಎಡಿಆರ್ ಅನ್ನು 0.07ರಿಂದ 0.12ರ ನಡುವಿನ ಸಂಖ್ಯೆಯಿಂದ ಗುಣಿಸಿದರೆ ಎಷ್ಟು ಚದರ ಮೀಟರಿಗೆ ಆಗುತ್ತದೆಂದು ಸಿಗುತ್ತದೆ. ನಮ್ಮಲ್ಲಿ ಮಾರುವ ಎಷ್ಟೋ ಪೆಟ್ಟಿಗೆಗಳ ಚದರಡಿ ಸರಿಯಾಗಿ 0.12ಕ್ಕೇ ಹೊಂದಿಕೊಳ್ಳುತ್ತದೆ: 42 ಚದರ ಮೀಟರ್, ಅಂದರೆ 450 ಚದರಡಿ. ಅದೇ ಯಂತ್ರಕ್ಕೆ ಅಮೆರಿಕದ ತಯಾರಕರ ಸಂಘದ ಲೆಕ್ಕ ಹಾಕಿದರೆ 310 ಚದರಡಿ, ಅದೂ ಎಂಟಡಿ ಎತ್ತರದ ಚಾವಣಿಗೆ. ಯಂತ್ರ ಒಂದೇ, ಗಾಳಿ ಒಂದೇ, ಮಾರುವವನಿಗೆ ಯಾವ ದೇಶದ ಲೆಕ್ಕ ಬೇಕೋ ಅದು.

ಈಗ ನಮ್ಮ ಲೆಕ್ಕ. ದಿಲ್ಲಿಯ ಬಾಡಿಗೆ ಮನೆಯ ಒಂದು ಮಲಗುವ ಕೋಣೆ: 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. 1,440 ಘನ ಅಡಿ, ಸುಮಾರು 41 ಘನಮೀಟರ್. 350ರ ಯಂತ್ರವನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಗಂಟೆಗೆ ಎಂಟು ಸಲ ಆ ಗಾಳಿಯನ್ನು ತೊಳೆಯುತ್ತದೆ. ಆದರೆ ಪೂರ್ತಿ ವೇಗದಲ್ಲಿ ಅದರ ಪಕ್ಕ ಯಾರು ಮಲಗುತ್ತಾರೆ? ಮಿಕ್ಸರ್ ಪಕ್ಕ ಮಲಗಿದ ಹಾಗೆ. ರಾತ್ರಿ ಎಲ್ಲರೂ ವೇಗ ಇಳಿಸುತ್ತಾರೆ. ಅರ್ಧಕ್ಕೆ ಇಳಿಸಿದರೆ ಗಂಟೆಗೆ ನಾಲ್ಕು ಸಲ. "ಸ್ಲೀಪ್ ಮೋಡ್" ಎಂಬ ಚಂದದ ಗುಂಡಿ ಒತ್ತಿದರೆ ಇನ್ನೂ ಕಡಿಮೆ. ಇನ್ನು ಪೆಟ್ಟಿಗೆಯವನು ಹೇಳಿದ 450 ಚದರಡಿಯ ಹಾಲ್‌ನಲ್ಲಿ ಇದೇ ಯಂತ್ರ ಪೂರ್ತಿ ಅರಚಿಕೊಂಡರೂ ಗಂಟೆಗೆ ಮೂರು ಸಲ ಮುಟ್ಟುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಮೇಲಿನ ಚದರಡಿಯನ್ನು ಮೂರರಿಂದ ಭಾಗಿಸಿ. 450 ಎಂದಿದ್ದರೆ 150. ಅದು ನಿಮ್ಮ ಕೋಣೆಗಿಂತ ಕಡಿಮೆ ಬಂದರೆ ಆ್ಯಪ್ ಎಷ್ಟೇ ಚಂದ ಇರಲಿ, ಬೇಡ.

ಇಲ್ಲಿಗೇ ನಿಂತರೆ ನಾನೂ ಇನ್ನೊಂದು ಪಟ್ಟಿ ಬರೆದ ಹಾಗಾಯಿತು. ಪಟ್ಟಿ ಬರೆಯುವವರು ಮುಟ್ಟದ ಸಂಗತಿ ಕಿಟಕಿ. ನಮ್ಮ ಬಾಡಿಗೆ ಮನೆಗಳ ಸ್ಲೈಡಿಂಗ್ ಕಿಟಕಿಗಳ ಸಂದಿನಲ್ಲಿ ಬೆರಳು ತೂರುತ್ತದೆ, ಬಾಗಿಲ ಕೆಳಗೆ ಪತ್ರಿಕೆ ತೂರುತ್ತದೆ. ಹೊರಗೆ ಪಿಎಂ 2.5, ಅಂದರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣಗಳು, ಘನಮೀಟರಿಗೆ 300 ಮೈಕ್ರೋಗ್ರಾಂ ಇದೆ ಎನ್ನಿ. ನವೆಂಬರಿನ ದಿಲ್ಲಿಗೆ ಇದು ಉತ್ಪ್ರೇಕ್ಷೆಯಲ್ಲ. ಕೋಣೆಯ ಗಾಳಿ ಗಂಟೆಗೊಮ್ಮೆ ಸಂದುಗಳಿಂದ ಬದಲಾಗುತ್ತಿದೆ, ಯಂತ್ರ ಗಂಟೆಗೆ ನಾಲ್ಕು ಸಲ ತೊಳೆಯುತ್ತಿದೆ. ಒಳಗೆ ಉಳಿಯುವುದು ಸುಮಾರು ಐದನೇ ಒಂದು ಪಾಲು: 60. ಇದು ಭಾರತ ಸರ್ಕಾರದ 24 ಗಂಟೆಯ ಮಿತಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ಈಗ ಕಿಟಕಿಯ ಚೌಕಟ್ಟಿಗೆ ಫೋಮ್ ಟೇಪ್ ಅಂಟಿಸಿ, ಬಾಗಿಲ ಕೆಳಗೆ ಹಳೆಯ ಪಂಚೆ ಸುತ್ತಿಟ್ಟು ಆ ಸೋರಿಕೆಯನ್ನು ಅರ್ಧ ಮಾಡಿ. ಅದೇ ಯಂತ್ರ, ಅದೇ ವೇಗ, ಒಳಗಿನ ಅಂಕಿ 33ರ ಹತ್ತಿರಕ್ಕೆ ಇಳಿಯುತ್ತದೆ. ಟೇಪ್ ಹಚ್ಚದೆ 33 ಬೇಕೆಂದರೆ ಅಂಥದೇ ಇನ್ನೊಂದು ಯಂತ್ರ ಕೊಳ್ಳಬೇಕು. ಕೆಲವು ನೂರು ರೂಪಾಯಿಯ ಟೇಪ್ ಹನ್ನೆರಡು ಸಾವಿರದ ಯಂತ್ರದ ಕೆಲಸ ಮಾಡುತ್ತದೆ ಎಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ, ಯಾಕೆಂದರೆ ಟೇಪಿಗೆ ಕಮಿಷನ್ ಇಲ್ಲ.

ಟೇಪ್ ಹಚ್ಚುವ ಮೊದಲು ಒಂದು ಎಚ್ಚರಿಕೆ. ಅಂಗೀಠಿ, ಗ್ಯಾಸ್ ಗೀಸರ್, ಒಲೆ ಇರುವ ಕಡೆ ಸಂದು ಮುಚ್ಚಬೇಡಿ. ಕಾರ್ಬನ್ ಮೊನಾಕ್ಸೈಡ್ ಅನ್ನು ಯಾವ ಹೆಪಾವೂ ಹಿಡಿಯುವುದಿಲ್ಲ, ಚಳಿಗಾಲದಲ್ಲಿ ಈ ಊರಲ್ಲಿ ಜನ ಸಾಯುವುದು ಹಾಗೆಯೇ. ನಾವು ಬಿಡುವ ಉಸಿರಿನ ಇಂಗಾಲದ ಡೈಆಕ್ಸೈಡ್ ಅನ್ನೂ ಅದು ಹಿಡಿಯದು. ಮುಚ್ಚಿದ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಿನ ಜಾವಕ್ಕೆ 2,000 ಪಿಪಿಎಂ ಸುಲಭವಾಗಿ ದಾಟುತ್ತದೆ, ತಲೆಭಾರ ಅದರದ್ದು. ಒಳಗಿನ ಬಾಗಿಲು ಸ್ವಲ್ಪ ತೆರೆದಿಡಿ. ಹೊರಗಿನ ಗಾಳಿ ಕೊಂಚ ತಿಳಿಯಾಗುವ ಮಧ್ಯಾಹ್ನದ ಹೊತ್ತು ಕಿಟಕಿ ತೆಗೆಯಿರಿ. ಬೆಳಗಿನ "ಫ್ರೆಶ್ ಏರ್" ಎಂದು ಆರು ಗಂಟೆಗೆ ತೆಗೆಯುವುದು ನಮ್ಮೂರಿನ ಅಭ್ಯಾಸ. ಇಲ್ಲಿ ಅದು ಸಲ್ಲ.

ಯಂತ್ರದ ಮುಖದ ಮೇಲೆ ಹೊಳೆಯುವ ಹಸಿರು ದೀಪದ ಬಗ್ಗೆಯೂ ಹೇಳಬೇಕು. ಯಂತ್ರ ತನ್ನ ಪಕ್ಕದ ಗಾಳಿಯನ್ನೇ ಎಳೆದುಕೊಂಡು, ಅಳೆದು, "ಎಲ್ಲ ಚೆನ್ನಾಗಿದೆ" ಎನ್ನುತ್ತದೆ. ಪರೀಕ್ಷೆ ಬರೆದವನೇ ಅಂಕ ಹಾಕಿಕೊಂಡ ಹಾಗೆ. ಕೆಲವು ಸಾವಿರಕ್ಕೆ ಸಿಗುವ ಪ್ರತ್ಯೇಕ ಮಾಪಕವನ್ನು ನಾಲ್ಕು ಮನೆಯವರು ಸೇರಿ ಕೊಂಡು, ದಿಂಬಿನ ಪಕ್ಕ ಇಟ್ಟು ನೋಡಿದರೆ ಯಂತ್ರದ ಬಣ್ಣ ಬಯಲಾಗುತ್ತದೆ. ಅಯಾನು ಬಿಡುವ ಯಂತ್ರಗಳಿಂದ ದೂರವಿರಿ. ಅವುಗಳಲ್ಲಿ ಕೆಲವು ಓಝೋನ್ ಉಗುಳುತ್ತವೆ, ಅದು ಸ್ವತಃ ಶ್ವಾಸಕೋಶಕ್ಕೆ ವಿಷ. ಕ್ಯಾಲಿಫೋರ್ನಿಯಾದವರು ಅದಕ್ಕೆ ಕಾನೂನಿನ ಮಿತಿ ಹಾಕಿದ್ದಾರೆ. ನಮ್ಮಲ್ಲಿ ಅದನ್ನೇ "ಪ್ಲಾಸ್ಮಾ ತಂತ್ರಜ್ಞಾನ" ಎಂದು ಎರಡು ಸಾವಿರ ಹೆಚ್ಚಿಗೆ ಹೇಳುತ್ತಾರೆ.

ಗಿಡದ ಭಕ್ತರಿಗೂ ಎರಡು ಮಾತು. ಈ ನಂಬಿಕೆಯ ಮೂಲ 1989ರ ನಾಸಾ ಅಧ್ಯಯನ. ಅದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ ಕೆಲವು ರಾಸಾಯನಿಕ ಅನಿಲಗಳ ಮೇಲೆ ಮಾಡಿದ್ದು, ಧೂಳಿನ ಮೇಲಲ್ಲ. ಇಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಒಟ್ಟಿಗೆ ಲೆಕ್ಕ ಹಾಕಿದವರು ಕಂಡದ್ದು: ಕಟ್ಟಡದೊಳಗೆ ಸಹಜವಾಗಿ ಗಾಳಿ ಬದಲಾಗುವುದಕ್ಕೆ ಸಮನಾಗಬೇಕಾದರೆ ಪ್ರತಿ ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು. ನರ್ಸರಿಯವನು "ಅರೇಕಾ ಪಾಮ್" ಎಂದು ಕೈಗಿಡುವ ಆ ಗಿಡ ನಮ್ಮ ಅಡಿಕೆಯಲ್ಲ, ಹೆಸರಷ್ಟೇ ಅದರದ್ದು. ತೋಟ ಬಿಟ್ಟು ಬಂದ ಮಲೆನಾಡಿನವರಿಗೇ ಅಡಿಕೆಯ ಹೆಸರಲ್ಲಿ ಗಾಳಿ ಮಾರುವ ಧೈರ್ಯ ದಿಲ್ಲಿಗಿದೆ, ಇರಲಿ.

ಹೊರಗಿನದನ್ನು ಬೈಯುವ ಭರದಲ್ಲಿ ನಮ್ಮ ಒಳಗಿನದನ್ನು ಮರೆಯುತ್ತೇವೆ. ಒಂದು ಸೊಳ್ಳೆ ಬತ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಹೊರಬರುತ್ತದೆ ಎಂದು 2003ರ ಅಧ್ಯಯನವೊಂದು ಅಳೆದು ಹೇಳಿದೆ. ಯಂತ್ರ ಹಚ್ಚಿ ಅದರ ಮುಂದೆ ಊದಿನಕಡ್ಡಿ, ಸಂಜೆಗೆ ಸೊಳ್ಳೆ ಬತ್ತಿ! ಒಗ್ಗರಣೆ ಬಿಡಿ ಎಂದು ಕನ್ನಡಿಗರಿಗೆ ಹೇಳುವ ಎದೆ ನನಗಿಲ್ಲ. ಎಗ್ಸಾಸ್ಟ್ ಫ್ಯಾನ್ ಹಾಕಿ, ಅಡುಗೆಮನೆಯ ಬಾಗಿಲು ಮುಚ್ಚಿ ಎನ್ನಬಹುದು.

"ಹಾಗಾದರೆ ಹದಿನೈದು ಸಾವಿರ ಎಲ್ಲಿಂದ ತರಲಿ?" ಎಂದು ಕೇಳುವವರು ನಮ್ಮಲ್ಲೇ ಇದ್ದಾರೆ. ಧಾರವಾಡದಿಂದ, ಕಲಬುರಗಿಯಿಂದ ಯುಪಿಎಸ್‌ಸಿ ಓದಲು ಬಂದು ಓಲ್ಡ್ ರಾಜಿಂದರ್ ನಗರದ, ಮುಖರ್ಜಿ ನಗರದ ಎಂಟಡಿ ಹತ್ತಡಿ ಗೂಡುಗಳಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ಕೂರುವ ಹುಡುಗ ಹುಡುಗಿಯರು. ಎಲ್ಲರಿಗಿಂತ ಹೆಚ್ಚು ಹೊತ್ತು ಆ ಗಾಳಿಯಲ್ಲಿರುವವರು ಅವರೇ, ಪಟ್ಟಿಗಳಲ್ಲಿ ಇಲ್ಲದವರೂ ಅವರೇ. ಅವರ ಕೋಣೆ ಚಿಕ್ಕದು, ಅದೊಂದೇ ಅನುಕೂಲ: 20 ಚಿಲ್ಲರೆ ಘನಮೀಟರ್. ಬರೀ ಫ್ಯಾನಿಗೆ ಹೆಪಾ ಹಾಳೆ ಬಿಗಿದು ಕಟ್ಟಿದ ಸಾದಾ ಸಾಧನವೂ ಅಲ್ಲಿ ಕೆಲಸ ಮಾಡುತ್ತದೆ. ಬೀಜಿಂಗ್‌ನಲ್ಲಿ 2013ರ ಸುಮಾರಿಗೆ ಜನ ಹಾಗೆ ಕಟ್ಟಿಕೊಂಡೇ ಚಳಿಗಾಲ ಕಳೆದರು, ಕೋವಿಡ್ ಕಾಲದಲ್ಲಿ ಅಮೆರಿಕದ ಶಾಲೆಗಳೂ ಫ್ಯಾನಿಗೆ ನಾಲ್ಕು ಫಿಲ್ಟರ್ ಅಂಟಿಸಿದ ಡಬ್ಬಗಳನ್ನು ಬಳಸಿದವು. ಸದ್ದು ಮಾಡುತ್ತದೆ, ನೋಡಲು ಚಂದವಿಲ್ಲ, ಆ್ಯಪ್ ಇಲ್ಲ. ಇನ್ನು ವರ್ಗವಾಗಿ ಬೆಂಗಳೂರಿಗೆ ಹೊರಟವರು ಪ್ಯೂರಿಫೈಯರನ್ನು ಅಟ್ಟಕ್ಕೆ ಸಾಗಿಸುವ ಬದಲು ಈ ಮಕ್ಕಳಿಗೆ ಕೊಟ್ಟು ಹೋಗಲಿ. ಹಳೆಯ ಯಂತ್ರಕ್ಕೆ ಹೊಸ ಫಿಲ್ಟರ್ ಹಾಕಿದರೆ ಅದು ಹೆಚ್ಚುಕಡಿಮೆ ಹೊಸ ಯಂತ್ರವೇ. ಕೊಳ್ಳುವಾಗಲೂ ಫಿಲ್ಟರಿನ ಬೆಲೆ ಮೊದಲು ಕೇಳಿ. ಯಂತ್ರವನ್ನು ಅಗ್ಗಕ್ಕೆ ಕೊಟ್ಟು, ತಮ್ಮದೇ ಚಿಪ್ ಇಲ್ಲದ ಫಿಲ್ಟರ್ ಹಾಕಿದರೆ ಮುನಿಸಿಕೊಳ್ಳುವ ಯಂತ್ರಗಳೂ ಇವೆ.

"ನಾವೇನು ಇಲ್ಲೇ ಇರುತ್ತೇವಾ, ನಾಲ್ಕು ವರ್ಷ ಕಳೆದು ಊರಿಗೆ ಹೋಗುತ್ತೇವೆ" ಎಂಬ ಮಾತು ನಮ್ಮವರ ಬಾಯಲ್ಲಿ ಸದಾ ಇರುತ್ತದೆ. ಈ ನಗರದ ವರ್ಷದ ಸರಾಸರಿ ಪಿಎಂ 2.5 ನೂರರ ಆಸುಪಾಸು, ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಮಿತಿಯಾದ 5ರ ಇಪ್ಪತ್ತು ಪಟ್ಟು. ನಾಲ್ಕು ವರ್ಷ ಅಂದರೆ ಒಂದು ಮಗುವಿನ ಶ್ವಾಸಕೋಶ ಬೆಳೆಯುವ ನಾಲ್ಕು ವರ್ಷ. ಹೋಗುವ ಊರಾದರೂ ಏನು? ಬೆಂಗಳೂರಿನ ಸರಾಸರಿಯೂ 30ರ ಆಸುಪಾಸಿನಲ್ಲಿದೆ. ಮುಂಬೈ, ಪುಣೆಯ ಓದುಗರು ಕಟ್ಟಡ ಧೂಳಿನಲ್ಲಿ ಇದೇ ಲೆಕ್ಕ ಮಾಡಬಹುದು, ಅಂಕಿಗಳಷ್ಟೇ ಬೇರೆ.

ಪ್ಯೂರಿಫೈಯರ್ ಕೊಳ್ಳುವುದು ಸ್ವಾರ್ಥ, ಸರ್ಕಾರವನ್ನು ಕೇಳಬೇಕು ಎನ್ನುವ ಗೆಳೆಯರೊಂದಿಗೆ ನನಗೆ ಅರ್ಧ ಸಹಮತ. ಕೇಳಬೇಕು. ಆದರೆ ಸರ್ಕಾರವೇ ಏನು ಕೊಂಡಿತು ನೋಡಿ. 2014ರಿಂದ 2017ರ ನಡುವೆ ಪ್ರಧಾನಿ ಕಚೇರಿಗೆ ಮತ್ತು ಕನಿಷ್ಠ ಆರು ಕೇಂದ್ರ ಇಲಾಖೆಗಳಿಗೆ 140 ಪ್ಯೂರಿಫೈಯರ್ ಖರೀದಿಯಾದವು, ಸುಮಾರು 36 ಲಕ್ಷ ರೂಪಾಯಿಗೆ. ಊರಿನವರಿಗೆ 2021ರಲ್ಲಿ ಕನಾಟ್ ಪ್ಲೇಸಿನಲ್ಲಿ 20 ಕೋಟಿಗೂ ಹೆಚ್ಚು ಖರ್ಚಿನ ಸ್ಮಾಗ್ ಟವರ್ ನಿಲ್ಲಿಸಿದರು. ಬಯಲಿಗೆ ಪ್ಯೂರಿಫೈಯರ್ ಇಡುವುದೆಂದರೆ ಕಿಟಕಿಯೇ ಇಲ್ಲದ, ಗೋಡೆಯೇ ಇಲ್ಲದ ಕೋಣೆಗೆ ಯಂತ್ರ ಇಟ್ಟ ಹಾಗೆ. ಮೇಲಿನ ಲೆಕ್ಕ ಗೊತ್ತಿದ್ದ ಪಿಯುಸಿ ಹುಡುಗಿಯೂ ಅದನ್ನು ಬೇಡವೆನ್ನುತ್ತಿದ್ದಳು. ಕಚೇರಿಯೊಳಗೆ ಕೆಲಸ ಮಾಡುವ ಯಂತ್ರ, ಬೀದಿಗೆ ಪ್ರದರ್ಶನದ ಕಂಬ.

ಮನೆಗೆ ಕೊಳ್ಳುವವನಿಗೆ ಶೇಕಡ 18 ಜಿಎಸ್‌ಟಿ. 2025ರ ಸೆಪ್ಟೆಂಬರಿನಲ್ಲಿ ದರಗಳನ್ನು ಇಳಿಸಿದಾಗ ದೊಡ್ಡ ಟಿವಿ ಮತ್ತು ಎಸಿಯನ್ನು 28ರಿಂದ 18ಕ್ಕೆ ತಂದರು, ಪ್ಯೂರಿಫೈಯರ್ ಇದ್ದಲ್ಲೇ ಉಳಿಯಿತು. ಹನ್ನೆರಡು ಸಾವಿರದ ಯಂತ್ರದಲ್ಲಿ 1,800 ರೂಪಾಯಿಯಷ್ಟು ತೆರಿಗೆ, ವರ್ಷ ವರ್ಷ ಫಿಲ್ಟರ್ ಕೊಂಡಾಗಲೂ ತೆರಿಗೆ. ಇದು ಇಳಿಯಬೇಕು. ಜೊತೆಗೆ ಫ್ರಿಜ್ ಮೇಲೆ ನಕ್ಷತ್ರದ ಚೀಟಿ ಇರುವ ಹಾಗೆ ಪ್ರತಿ ಪ್ಯೂರಿಫೈಯರಿನ ಮೇಲೂ ಕಡ್ಡಾಯವಾಗಿ ಒಂದು ಚೀಟಿ ಬೇಕು: ಪ್ರತಿ ವೇಗದಲ್ಲಿ ಸಿಎಡಿಆರ್ ಎಷ್ಟು, ಆ ವೇಗದಲ್ಲಿ ಸದ್ದು ಎಷ್ಟು ಡೆಸಿಬೆಲ್, ಫಿಲ್ಟರಿಗೆ ಎಷ್ಟು ರೂಪಾಯಿ. ಆ ಚೀಟಿ ಬರುವವರೆಗೆ ಅಂಗಡಿಯಲ್ಲಿ ಯಂತ್ರವನ್ನು ನಡುವಿನ ವೇಗಕ್ಕೆ ಹಾಕಿಸಿ, ಪಕ್ಕ ನಿಂತು ಕಿವಿಗೊಡಿ, ಈ ವೇಗದಲ್ಲಿ ಗಂಟೆಗೆ ಎಷ್ಟು ಘನಮೀಟರ್ ಎಂದು ಕೇಳಿ. ಅವನು ಮತ್ತೆ ಹೆಪಾ ಎಂದು ಶುರು ಮಾಡಿದರೆ ಮುಂದಿನ ಅಂಗಡಿಗೆ ನಡೆಯಿರಿ.