ಕೈಟನ್ ಅಂಟಿದ್ದಲ್ಲೇ ಇರಲಿ

ಈ ಬೇಸಿಗೆಗೆ ವಾಷಿಂಗ್ಟನ್‌ನ ಕಡಲತೀರಕ್ಕೆ ಟ್ರಿಪ್ ಹೋಗೋಣ ಅಂತ ಸಂಘದಲ್ಲಿ ಮಾತು ನಡೆದಿದೆ. ಬೇಸಿಗೆಯಲ್ಲಿ ಇಲ್ಲಿ ದೊಡ್ಡ ಇಳಿತ ಹಗಲಲ್ಲೇ ಬರುವುದರಿಂದ ಬಂಡೆಗಳ ಮೇಲಿನ ಜೀವಿಗಳನ್ನು ನೋಡಲು ಅದೇ ಒಳ್ಳೆ ಕಾಲ. ಹೋಗೋಣ, ಖಂಡಿತ. ಆದರೆ ಅಲ್ಲಿ ಸಿಗುವ ಕಪ್ಪು ಕೈಟನ್ ಬಗ್ಗೆ ಮೊದಲೇ ಒಂದು ಮಾತು ಹೇಳಬೇಕಿದೆ.

ನೋಡೋಕೆ ಅದು ಹಳೇ ರಬ್ಬರ್ ಚಪ್ಪಲಿಯ ತುಂಡು! ಶಾಸ್ತ್ರೀಯ ಹೆಸರು ಕ್ಯಾಥರೀನಾ ಟ್ಯುನಿಕೇಟಾ, ಬಸವನಹುಳುವಿನ ದೂರದ ನೆಂಟ. ಬೆನ್ನ ಮೇಲೆ ಸಾಲಾಗಿ 8 ಚಿಪ್ಪುಗಳಿದ್ದರೂ ಕಪ್ಪು ಚರ್ಮ ಅವನ್ನು ಬಹುಪಾಲು ಮುಚ್ಚಿರುತ್ತದೆ. ನಡುವೆ ಶಂಕರಪೋಳಿ ಆಕಾರದ ಬಿಳಿ ಭಾಗವಷ್ಟೇ ಕಾಣುತ್ತದೆ. ಪಾಚಿ ಕೆರೆದು ತಿನ್ನುವ ಪುಟ್ಟ ಹಲ್ಲುಗಳ ಮೇಲೆ ಮ್ಯಾಗ್ನೆಟೈಟ್ ಲೇಪ, ಅಂದರೆ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ. ಅಲೆ ಜೋರಾಗಿ ಬಡಿಯುವ ಕಡೆಯೇ ಇದರ ವಾಸ. ಬಂಡೆಯನ್ನು ಗಟ್ಟಿಯಾಗಿ ಹಿಡಿದಿದ್ದರೆ ಬರಿಗೈಯಲ್ಲಿ ಕೀಳೋದು ಕಷ್ಟ. ಚಾಕು ಹಾಕಿ ಕಿತ್ತರೆ ಚೋರಟೆ ಥರ ಮುದುಡಿಕೊಳ್ಳುತ್ತೆ. ವಾಪಸ್ ಇಟ್ಟರೂ ಮತ್ತೆ ಹಿಡಿತ ಸಿಗೋದರೊಳಗೆ ಅಲೆಯೋ ಹಕ್ಕಿಯೋ ಹೊತ್ತೊಯ್ಯಬಹುದು.

"ಅಲಾಸ್ಕದ ಜನ ಇದನ್ನ ತಿಂತಾರೆ, ನಾವು ಫೋಟೊಗೆ ಒಂದು ಕಿತ್ತರೆ ಏನಾಯ್ತು?" ಅನ್ನೋ ವಾದ ಬರಬಹುದು. ತಿಂತಾರೆ, ನಿಜ. ಪೋರ್ಟ್ ಗ್ರಹಾಂ, ನ್ಯಾನ್‌ವಾಲೆಕ್ ಹಳ್ಳಿಗಳ ಸುಗ್‌ಪಿಯಾಕ್ ಜನಕ್ಕೆ ಇದು 'ಬಿಡಾರ್ಕಿ', ನಮ್ಮ ಕರಾವಳಿಯವರಿಗೆ ಮರುವಾಯಿ ಇದ್ದ ಹಾಗೆ. ಆದರೆ ಆ ಊರುಗಳ ಕಥೆಯನ್ನು ಪೂರ್ತಿ ಕೇಳಬೇಕು. ಅಲ್ಲಿ ಬಿಡಾರ್ಕಿ ಕಡಿಮೆಯಾಗುತ್ತಾ ಬಂತು. ಆ್ಯನ್ ಸಾಲೊಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಊರ ಹಿರಿಯರ ನೆನಪುಗಳನ್ನೂ ಸಾಕ್ಷ್ಯವಾಗಿ ತೆಗೆದುಕೊಂಡಿತು. ಅವರಲ್ಲೊಬ್ಬರು ಸಹಲೇಖಕರೂ ಹೌದು. ಏಡಿ, ಕಡಲಮುಳ್ಳಿನುಂಡೆ, ಚಿಪ್ಪುಜೀವಿಗಳು ಒಂದೊಂದಾಗಿ ಕಡಿಮೆಯಾದ ಮೇಲೆ ಜನರ ಕೈಯೂ ಕಡಲ ನೀರುನಾಯಿಗಳ ಬಾಯಿಯೂ ಬಿಡಾರ್ಕಿಯ ಕಡೆ ತಿರುಗಿದವು ಎಂಬುದು ಅದರ ತೀರ್ಮಾನ.

ತಲೆಮಾರುಗಳಿಂದ ತಿಂದುಕೊಂಡು ಬಂದವರೇ ಲೆಕ್ಕ ಹಾಕುತ್ತಿದ್ದಾರೆ. ಹಸಿವೂ ಇಲ್ಲದ, ಆ ತೀರದ ಋಣವೂ ಇಲ್ಲದ ನಾವು ಅವರ ಹೆಸರು ಹೇಳಿ ಕೀಳೋದು ನ್ಯಾಯವಲ್ಲ. ನಮ್ಮದು ಒಂದೇ ಅಂತಲೂ ಅಲ್ಲ, ವಾರಾಂತ್ಯಕ್ಕೆ ಎಷ್ಟು ಗುಂಪುಗಳು ಬಂದು ಹೋಗ್ತವೆ!

ಆದ್ದರಿಂದ ಟ್ರಿಪ್ಪಿನ ಸೂಚನೆಯಲ್ಲೇ, ಊಟದ ಲಿಸ್ಟಿಗಿಂತ ಮೇಲೆ, "ಏನನ್ನೂ ಕೀಳಬಾರದು, ಎತ್ತಿ ನೋಡಿದ ಕಲ್ಲನ್ನು ಇದ್ದ ಹಾಗೇ ಇಡಬೇಕು" ಅಂತ ಹಾಕಲಿ. ಮಂಡಿಯೂರಿ ಫೋನನ್ನು ಬಂಡೆಯ ಹತ್ತಿರ ಹಿಡಿದರೆ ಫೋಟೊ ಚೆನ್ನಾಗೇ ಬರುತ್ತೆ. ಪ್ಯಾಂಟ್ ಮಾತ್ರ ಒದ್ದೆಯಾಗುತ್ತೆ, ಇನ್ನೊಂದು ತಂದಿರಿ.